ಡೆಂಗ್ಯೂ ಸೆನ್ಸರ್: ಕಟ್ಟುವ ಮೊದಲು ಲೆಕ್ಕ ಹಾಕುವುದು ಹೇಗೆ?

ಮಳೆ ಹಿಡಿಯಿತೆಂದರೆ ಮುಂಬಯಿಯಲ್ಲಿ ಡೆಂಗ್ಯೂ ಭಯ. ಜ್ವರದ ಮೊದಲ ದಿನಗಳಲ್ಲೇ ರಕ್ತದಲ್ಲಿ ಕಾಣಿಸುವ, ಡೆಂಗ್ಯೂ ವೈರಸ್ಸಿನ ಎನ್‌ಎಸ್‌1 ಪ್ರೋಟೀನನ್ನು ಸಾವಯವ (ಇಂಗಾಲದ ಪದಾರ್ಥದಿಂದಾದ) ಟ್ರಾನ್ಸಿಸ್ಟರಿನಿಂದ ಹಿಡಿಯಹೊರಟ ಇಲ್ಲಿನ ಕನ್ನಡಿಗ ವಿದ್ಯಾರ್ಥಿಗಳು ಲ್ಯಾಬಿಗೆ ಮುನ್ನ ಒಂದು ಸ್ಪ್ರೆಡ್‌ಶೀಟ್ ತೆರೆಯಲಿ.

ಮೊದಲು ಚಾನೆಲ್, ಅಂದರೆ ಕರೆಂಟ್ ಹರಿಯುವ ದಾರಿ; ಆ ಹರಿವನ್ನು ಹತೋಟಿಯಲ್ಲಿಡುವುದು ಗೇಟ್ ಎಂಬ ವಿದ್ಯುದ್ವಾರ. ಪೆಡಾಟ್-ಪಿಎಸ್‌ಎಸ್ ಎಂಬ ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಪದರದ ಅಗಲ 100 ಮೈಕ್ರೋಮೀಟರ್, ಉದ್ದ 10 ಮೈಕ್ರೋಮೀಟರ್, ದಪ್ಪ 100 ನ್ಯಾನೋಮೀಟರ್ ಇರಲಿ. ಅಗಲವನ್ನು ದಪ್ಪದಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಅದನ್ನು ಮೊಬಿಲಿಟಿ (ಚಾರ್ಜ್ ಎಷ್ಟು ಸಲೀಸಾಗಿ ಸರಿದಾಡುತ್ತದೆ ಎಂಬ ಅಳತೆ) 1, ಘನ ಸೆಂಟಿಮೀಟರಿನ ಕೆಪಾಸಿಟೆನ್ಸ್ 40 ಫ್ಯಾರಡ್, ಥ್ರೆಶೋಲ್ಡ್ (ಚಾನೆಲ್ ಆರುವ) ಮತ್ತು ಗೇಟ್ ವೋಲ್ಟೇಜ್‌ಗಳ ಅಂತರ 0.4 ವೋಲ್ಟ್ ಇವುಗಳಿಂದ ಗುಣಿಸಿದರೆ ಟ್ರಾನ್ಸ್‌ಕಂಡಕ್ಟೆನ್ಸ್ (ಗೇಟ್ ವೋಲ್ಟೇಜ್ ಬದಲಾದರೆ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಅಳತೆ) 1.6 ಮಿಲಿಸೀಮೆನ್ಸ್; ಅದನ್ನು ಮತ್ತೆ 0.4ರಿಂದ ಗುಣಿಸಿ ಅರ್ಧ ಮಾಡಿದರೆ ಸ್ಯಾಚುರೇಶನ್ ಕರೆಂಟ್ 320 ಮೈಕ್ರೋಆಂಪ್. ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲೇ ಇರಬೇಕು. ಎಡವುವುದು ದಪ್ಪದ ಅಂಕಣದಲ್ಲೇ.

ಎನ್‌ಎಸ್‌1 ಹಿಡಿಯುವ ಆಂಟಿಬಾಡಿ ಕೂರುವುದು ಚಿನ್ನದ ಗೇಟಿನ ಮೇಲೆ. ಚಾನೆಲ್ಲಿನ ಕೆಪಾಸಿಟೆನ್ಸ್ 4 ನ್ಯಾನೋಫ್ಯಾರಡ್. ಗೇಟಿನದು ಅದರ ಹತ್ತು ಪಟ್ಟಾದರೂ ಬೇಕು, ಚಿನ್ನದ ಚದರ ಸೆಂಟಿಮೀಟರಿಗೆ ಸುಮಾರು 10 ಮೈಕ್ರೋಫ್ಯಾರಡ್ ಎಂದರೆ ಸುಮಾರು 0.4 ಚದರ ಮಿಲಿಮೀಟರ್ ಚಿನ್ನ. ಗೇಟ್ ಚಿಕ್ಕದಾದರೆ ಕೊಟ್ಟ ವೋಲ್ಟೇಜ್ ಬಹುಪಾಲು ಅಲ್ಲೇ ಖರ್ಚಾಗಿ ಚಾನೆಲ್ಲಿಗೆ ತಲುಪುವುದಿಲ್ಲ.

ಈಗ ಪ್ರೋಟೀನ್. ಡಿಸೋಸಿಯೇಶನ್ ಸ್ಥಿರಾಂಕ (ಅರ್ಧದಷ್ಟು ಆಂಟಿಬಾಡಿಗಳು ತುಂಬುವ ಸಾಂದ್ರತೆ) 1 ನ್ಯಾನೋಮೋಲಾರ್, ಸ್ಯಾಂಪಲ್ 10 ಪಿಕೋಮೋಲಾರ್, ಅಂದರೆ ಮಿಲಿಲೀಟರಿಗೆ ಸುಮಾರು 3 ನ್ಯಾನೋಗ್ರಾಂ. ಸ್ಯಾಂಪಲ್ಲಿನ ಸಾಂದ್ರತೆಯನ್ನು ಅದರ ಮತ್ತು ಸ್ಥಿರಾಂಕದ ಮೊತ್ತದಿಂದ ಭಾಗಿಸುವ ಲ್ಯಾಂಗ್‌ಮ್ಯೂರ್ ಸೂತ್ರದ ಪ್ರಕಾರ ಶೇ. 1ರಷ್ಟು ಆಂಟಿಬಾಡಿಗಳು ತುಂಬುತ್ತವೆ. ಪೂರ್ತಿ ತುಂಬಿದಾಗ ಗೇಟ್ ವೋಲ್ಟೇಜ್ 30 ಮಿಲಿವೋಲ್ಟ್ ಸರಿಯುತ್ತದೆಂದು ಊಹಿಸಿ, ಅದರ ಶೇ. 1ನ್ನು ಟ್ರಾನ್ಸ್‌ಕಂಡಕ್ಟೆನ್ಸ್‌ನಿಂದ ಗುಣಿಸಿದರೆ, ಸಿಗ್ನಲ್ 0.48 ಮೈಕ್ರೋಆಂಪ್. ಈ 30 ಅನ್ನು ಪ್ರೋಟೀನಿನ ಚಾರ್ಜ್‌ನಿಂದ ಲೆಕ್ಕ ಹಾಕಬೇಡಿ: ರಕ್ತದ ಉಪ್ಪಿನಲ್ಲಿ ಚಾರ್ಜ್ 0.8 ನ್ಯಾನೋಮೀಟರಿನಲ್ಲೇ ಮರೆಯಾಗುತ್ತದೆ, ಆಂಟಿಬಾಡಿಯೇ ಸುಮಾರು 10 ನ್ಯಾನೋಮೀಟರ್. ಪ್ರಯೋಗದಲ್ಲಿ ಅಳೆದ ಸಂಖ್ಯೆ ಸಿಕ್ಕೊಡನೆ ಅದನ್ನೇ ಹಾಕಿ.

ಬಹಳಷ್ಟು ಮಾಡೆಲ್‌ಗಳು ಇಲ್ಲೇ ನಿಂತುಬಿಡುತ್ತವೆ, ಅದೇ ದೊಡ್ಡ ತಪ್ಪು. ಲ್ಯಾಂಗ್‌ಮ್ಯೂರ್ ಹೇಳುವುದು ಸಮತೋಲದ ಮಾತು. ಅಂಟುವ ದರ ಮೋಲಾರ್-ಸೆಕೆಂಡಿಗೆ 1 ಲಕ್ಷವಾದರೆ 10 ನಿಮಿಷದಲ್ಲಿ ಆಗುವುದು ಸಮತೋಲದ ಶೇ. 6 ಮಾತ್ರ, ಉಳಿಯುವ ಸಿಗ್ನಲ್ 0.03 ಮೈಕ್ರೋಆಂಪ್. ಅಲ್ಲಾಡಿಸದ ದ್ರವದಲ್ಲಿ ಪ್ರೋಟೀನ್ 1 ಮಿಲಿಮೀಟರ್ ದಾಟಲು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಹರಿವು ಕೊಡಿ.

ಕೊನೆಗೆ ಡ್ರಿಫ್ಟ್, ಅಂದರೆ ಕರೆಂಟ್ ತಾನಾಗಿಯೇ ನಿಧಾನಕ್ಕೆ ಜಾರುವುದು. ಮೂಲ ಕರೆಂಟ್ ಬರೇ ಶೇ. 0.1 ಜಾರಿದರೂ 0.32 ಮೈಕ್ರೋಆಂಪ್, ಸಿಗ್ನಲ್ ಮುಳುಗಿಹೋಗುತ್ತದೆ. ಪೆಡಾಟ್-ಪಿಎಸ್‌ಎಸ್ ನೀರು ಹೀರಿ ಉಬ್ಬುವ ಪದಾರ್ಥ, ಮುಂಬಯಿಯ ಜುಲೈ ಗಾಳಿಯಲ್ಲಂತೂ ಕೇಳುವುದೇ ಬೇಡ. ಚಿಪ್ಪನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿಡಿ, ಉಬ್ಬುವುದೆಲ್ಲ ಮೊದಲೇ ಮುಗಿಯಲೆಂದು ಅಳೆಯುವ ಹಿಂದಿನ ರಾತ್ರಿ ಸಲೈನಿನಲ್ಲಿ ನೆನೆಸಿ. ಮಾಡೆಲ್‌ನಲ್ಲಿ ಆಂಟಿಬಾಡಿ ಇಲ್ಲದ ಎರಡನೇ ಗೇಟ್ ಸೇರಿಸಿ, ಅದರ ಕರೆಂಟ್ ಕಳೆಯಿರಿ. ಖಾಲಿ ಸ್ಯಾಂಪಲ್‌ಗಳ ಏರಿಳಿತದ ಮೂರು ಪಟ್ಟನ್ನು ಸಿಗ್ನಲ್ ದಾಟದಿದ್ದರೆ, ಮತ್ತೆ ಪ್ರೋಟೀನಿನ ಅಂಕಣಕ್ಕೆ ಹೋಗಿ ಅಂಟುವ ದರ ಹೆಚ್ಚಿರುವ ಆಂಟಿಬಾಡಿ ಹುಡುಕಿ.