ತಮ್ಮನಿಗೆ ಸಿಟ್ಟು ಏರಿದಾಗ ನಾನು ಮಾಡುವುದು

ಆಟಿಸಂ ಇರುವ ನನ್ನ ತಮ್ಮ ಈಗ ಪ್ರಾಯಕ್ಕೆ ಬಂದ ಯುವಕ. ಮಾತು ಕಡಿಮೆ, ಬೇಕಾದದ್ದನ್ನು ಒಂದೆರಡು ಪದಗಳಲ್ಲಿ ಅಥವಾ ಚಿತ್ರದ ಕಾರ್ಡು ತೋರಿಸಿ ಕೇಳುತ್ತಾನೆ. ಸಿಟ್ಟು ಏರಿದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ಅಡ್ಡ ಬಂದವರನ್ನು ತಳ್ಳುತ್ತಾನೆ. ಇದನ್ನು ಹಠವೆಂದು ತಿಳಿಯುವವರೇ ಹೆಚ್ಚು. ಆದರೆ ಹಠ ಹಿಡಿದವರು ಕೇಳಿದ್ದು ಕೈಗೆ ಬಂದರೆ ಸುಮ್ಮನಾಗುತ್ತಾರೆ. ಇವನು ಆಗ ಏನು ಕೊಟ್ಟರೂ ಸುಮ್ಮನಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಅವನಲ್ಲಿ ಉಳಿದಿರುವುದಿಲ್ಲ.

ವಿಶೇಷ ಶಿಕ್ಷಕಿಯೊಬ್ಬರ ಸಲಹೆಯಂತೆ ನಾನು ಒಂದು ನೋಟ್‌ಬುಕ್ಕಿನಲ್ಲಿ, ಸಿಟ್ಟಿಗೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು ಎಂಬ ಮೂರನ್ನೂ ಪ್ರತಿ ಸಲ ಬರೆದಿಡತೊಡಗಿದೆ. ಕುಕ್ಕರಿನ ಸೀಟಿಯನ್ನಾಗಲಿ, ನೆಂಟರ ಮಾತನ್ನಾಗಲಿ, ತಡವಾದ ಊಟವನ್ನಾಗಲಿ ಬಿಡಿಬಿಡಿಯಾಗಿ ಅವನು ಸಹಿಸುತ್ತಾನೆ, ಮೂರೂ ಒಟ್ಟಿಗೆ ಬಂದ ದಿನ ಸಹಿಸಲಾರ ಎಂಬುದು ಅದರಿಂದಲೇ ತಿಳಿಯಿತು. ಒಮ್ಮೆ ಯಾವ ಕಾರಣವೂ ಕಾಣದೆ ದಿನವೂ ಸಿಟ್ಟು ಬರುತ್ತಿತ್ತು. ದಂತವೈದ್ಯರು ನೋಡಿದಾಗ ದವಡೆಹಲ್ಲು ಹುಳುಕಾಗಿತ್ತು. ಅಂದಿನಿಂದ ಅವನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ ಇವನ್ನೇ ಮೊದಲು ವಿಚಾರಿಸುತ್ತೇನೆ. ನೋವನ್ನು ಹೇಳಿಕೊಳ್ಳಲಾಗದವನ ಸಿಟ್ಟಿಗೆ ಬುದ್ಧಿ ಹೇಳುವುದು ಅನ್ಯಾಯ.

ಸಿಟ್ಟು ಬರುವ ಮುನ್ನ ಅವನು ಹೆಬ್ಬೆರಳಿನಿಂದ ಕಿವಿ ಒತ್ತಿಕೊಂಡು, ಅಡುಗೆಮನೆಗೂ ನಡುಮನೆಗೂ ತಿರುಗಾಡುತ್ತಾ, “ಬಸ್ ಹೋಯ್ತಾ” ಎಂಬ ಒಂದೇ ಮಾತನ್ನು ಏರುದನಿಯಲ್ಲಿ ಹೇಳುತ್ತಿರುತ್ತಾನೆ. ಆಗಲೇ ಮಿಕ್ಸಿ, ಟಿವಿ ಆರಿಸಿ, ಕೋಣೆಯ ಕಾರ್ಡು ತೋರಿಸಿದರೆ ಎಷ್ಟೋ ಸಲ ತಾನೇ ಒಳಗೆ ಹೋಗಿ, ಪರದೆ ಎಳೆದ ಮಬ್ಬಿನಲ್ಲಿ ಕಂಬಳಿ ಹೊದ್ದು ಕೂರುತ್ತಾನೆ.

ಆ ಹಂತ ದಾಟಿದರೆ ನಾನು ಮಾತು ಬಿಡುತ್ತೇನೆ. “ಯಾಕೆ, ಏನಾಯ್ತು” ಎಂಬ ಪ್ರಶ್ನೆಗಳು ಅವನಿಗೆ ಇನ್ನಷ್ಟು ಸದ್ದಾಗುತ್ತವೆಯೇ ಹೊರತು ಅರ್ಥವಾಗುವುದಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಲೋಟ, ಕುರ್ಚಿಗಳನ್ನು ಸರಿಸಿ, ಬಾಗಿಲಿಗೆ ಅಡ್ಡವಾಗದಂತೆ ಒಂದು ಪಕ್ಕದಲ್ಲಿ ನಿಂತು, ತಲೆಗೂ ಗೋಡೆಗೂ ನಡುವೆ ದಿಂಬು ಹಿಡಿಯುತ್ತೇನೆ. ಸಹಾಯಕ್ಕೆಂದು ಬಂದ ಗಂಡಸರು ಅವನನ್ನು ನೆಲಕ್ಕೆ ಬೋರಲು ಕೆಡವಿ ಅದುಮಲು ನಾನು ಎಂದೂ ಬಿಡುವುದಿಲ್ಲ. ಹಾಗೆ ಅದುಮಿದರೆ ಉಸಿರುಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. “ಎರಡು ಬಿಟ್ಟರೆ ಸರಿಹೋಗ್ತಾನೆ” ಎನ್ನುವವರಿಗೆ ಈ ಮನೆಯಲ್ಲಿ ಜಾಗವಿಲ್ಲ.

ಇಳಿದ ಮೇಲೆ ನೀರು ಕೊಟ್ಟು ಮಲಗಲು ಬಿಡುತ್ತೇನೆ; ಆಗ ಉಪದೇಶವಿಲ್ಲ, ಕ್ಷಮೆ ಕೇಳಿಸುವುದೂ ಇಲ್ಲ. ಕಲಿಸುವುದೇನಿದ್ದರೂ ಅವನು ನೆಮ್ಮದಿಯಾಗಿರುವ ದಿನ. “ಸಾಕು” ಎಂಬ ಕಾರ್ಡನ್ನು ಹಾಗೆಯೇ ಕಲಿಸಿದೆವು: ಅವನು ಅದನ್ನು ಎತ್ತಿದ ಕೂಡಲೇ, ಎಂಥ ಕೆಲಸವಿದ್ದರೂ, ನಿಲ್ಲಿಸಿಬಿಡಬೇಕು. ಅಮ್ಮ ಚಟ್ನಿ ರುಬ್ಬುತ್ತಿದ್ದಾಗ ಅವನು ಬಂದು ಆ ಕಾರ್ಡನ್ನು ಮಿಕ್ಸಿಯ ಮುಚ್ಚಳದ ಮೇಲಿಟ್ಟ ದಿನ, ಅರ್ಧ ರುಬ್ಬಿದ ಚಟ್ನಿಯನ್ನೇ ಎಲ್ಲರೂ ತಿಂದೆವು.

ಔಷಧದ ಬಗ್ಗೆ ಹಲವರು ಕೇಳುತ್ತಾರೆ. ಮನೋವೈದ್ಯರ ಸಲಹೆಯ ಮೇರೆಗೆ ಅವನಿಗೆ ರಿಸ್ಪೆರಿಡೋನ್ ಕೊಡುತ್ತಿದ್ದೇವೆ. ಅದು ಆಟಿಸಂ ಗುಣಪಡಿಸುವ ಮದ್ದಲ್ಲ, ಸಿಡುಕನ್ನು ತಗ್ಗಿಸಬಲ್ಲದು ಅಷ್ಟೇ. ಹಸಿವನ್ನೂ ತೂಕವನ್ನೂ ಹೆಚ್ಚಿಸುವುದರಿಂದ ತೂಕ ಮತ್ತು ರಕ್ತದ ಸಕ್ಕರೆಯನ್ನು ಆಗಾಗ ಪರೀಕ್ಷಿಸಬೇಕು. ವೈದ್ಯರನ್ನು ಕೇಳದೆ ಪ್ರಮಾಣ ಬದಲಿಸುವುದಾಗಲಿ, ಥಟ್ಟನೆ ನಿಲ್ಲಿಸುವುದಾಗಲಿ ಕೂಡದು. ಪ್ರತಿ ಭೇಟಿಗೂ ನಾನು ಆ ನೋಟ್‌ಬುಕ್ಕನ್ನು ಒಯ್ಯುತ್ತೇನೆ. ವೈದ್ಯರು ನನ್ನನ್ನು ಪ್ರಶ್ನಿಸುವ ಮೊದಲು ಅದನ್ನು ಓದುತ್ತಾರೆ.