ಹೊಟ್ಟೆಯೊಳಗಿನ ಬಲೂನು, ಮದ್ದೂರಿನ ಮುದ್ದೆ

ಮದ್ದೂರಿನ ಕಡೆಯ ಆ ಹೆಣ್ಣುಮಗಳು ಮೊದಲ ಸಲ ಬಂದಾಗ ಅವರ ತೂಕ 97 ಕಿಲೋ, ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಅಳತೆ) 38. ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆಯ ಆರಂಭ. ಶಸ್ತ್ರಚಿಕಿತ್ಸೆಗೆ ಸುತಾರಾಂ ಒಪ್ಪಲಿಲ್ಲ. "ಕೊಯ್ಯದೆ ಏನಾದರೂ ಮಾಡಿ ಡಾಕ್ಟರೇ" ಎಂದರು. ಸ್ವಲ್ಪ ಊಟಕ್ಕೇ ಹೊಟ್ಟೆ ತುಂಬುವಂತೆ ಬಾಯಿಯ ಮೂಲಕ ಜಠರದೊಳಗೆ ಸಿಲಿಕೋನ್ ಬಲೂನು ಇಟ್ಟು, ಆರು ತಿಂಗಳ ನಂತರ ತೆಗೆಯುವ ವಿಧಾನವನ್ನು ವಿವರಿಸಿದೆ. ಸಾಮಾನ್ಯವಾಗಿ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ, ಅದನ್ನು ಉಳಿಸಿಕೊಳ್ಳುವುದು ಊಟದ ತಟ್ಟೆಯ ಕೆಲಸ ಎಂಬುದನ್ನೂ ಮುಚ್ಚಿಡಲಿಲ್ಲ.

ಬಲೂನು ಇಡುವುದು ಅರ್ಧ ಗಂಟೆಯೂ ಹಿಡಿಯದ ಕೆಲಸ. ಮೊದಲು ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ) ಇಳಿಸಿ ಹುಣ್ಣು ಇದೆಯೇ, ಜಠರ ಎದೆಯತ್ತ ಜಾರುವ ದೊಡ್ಡ ಹರ್ನಿಯಾ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಮಡಚಿದ ಬಲೂನನ್ನು ಇಳಿಸಿ, ಪಕ್ಕದಲ್ಲೇ ಎಂಡೋಸ್ಕೋಪನ್ನೂ ಇಳಿಸಿ, ಬಲೂನು ಪೂರ್ತಿ ಜಠರದೊಳಗೆ ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ಸಲೈನ್ (ಉಪ್ಪುನೀರು) ತುಂಬಲು ಹೇಳುತ್ತೇನೆ. ಬಲೂನಿನ ತುದಿ ಅನ್ನನಾಳದಲ್ಲಿ ಉಳಿದಿರುವಾಗ ತುಂಬಿದರೆ ಅನ್ನನಾಳ ಹರಿಯಬಹುದು. ಇವರಿಗೆ 550 ಮಿಲಿಲೀಟರ್ ತುಂಬಿದೆವು. ಅದರಲ್ಲಿ ಸ್ವಲ್ಪ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆತಿರುತ್ತದೆ. ಬಲೂನು ಸೋರಿದರೆ ಮೂತ್ರ ನೀಲಿಯಾಗಿಯೋ ಹಸಿರಾಗಿಯೋ ಬರುತ್ತದೆ. "ಹಾಗಾದರೆ ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ" ಎಂದು ಅವರಿಗೂ ಅತ್ತೆಗೂ ಹೇಳಿದೆ. ಕುಗ್ಗಿದ ಬಲೂನು ಕರುಳಿಗೆ ಜಾರಿ ಅಡ್ಡ ಸಿಕ್ಕಿಕೊಂಡರೆ, ತಪ್ಪಿಸಲು ಹೊರಟಿದ್ದ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ವಾಂತಿ ತಡೆಯುವ ಔಷಧಿಗಳನ್ನು ಮೊದಲೇ ಕೊಟ್ಟಿದ್ದರೂ ಎರಡು ದಿನ ಗುಟುಕು ನೀರೂ ನಿಲ್ಲಲಿಲ್ಲ. ಡ್ರಿಪ್ ಹಾಕಿದೆವು. ಎರಡನೆಯ ರಾತ್ರಿ ಅತ್ತೆ "ತೆಗೆದುಬಿಡಿ ಸ್ವಾಮಿ, ಮಗು ಒದ್ದಾಡುತ್ತಿದೆ" ಎಂದು ಕಣ್ಣೀರಿಟ್ಟರು. ಇನ್ನೊಂದು ದಿನ ಕಾಯೋಣ ಎಂದು ಕೇಳಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಮಜ್ಜಿಗೆ ನಿಂತಿತು.

ನನ್ನ ತಪ್ಪು ಊಟದ ಚೀಟಿಯಲ್ಲಿತ್ತು. ಅದರಲ್ಲಿ ಓಟ್ಸ್ ಇತ್ತು, ಬ್ರೆಡ್ ಇತ್ತು, ಮುದ್ದೆಯ ಸುದ್ದಿಯೇ ಇರಲಿಲ್ಲ. ಬಲೂನು ಇರುವಾಗ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ಮುದ್ದೆಯನ್ನೋ, ಅವರ ಸೀಮೆಯಲ್ಲಿ ಅಗಿಯುವುದಿಲ್ಲ, ನುಂಗುತ್ತಾರೆ. ತಿಂಗಳ ಬಳಿಕ ಅವರೇ ಹಿಂಜರಿಯುತ್ತಾ ಕೇಳಿದಾಗ ಕೂತು ಒಪ್ಪಂದ ಮಾಡಿಕೊಂಡೆವು: ಮೊದಲು ಸೊಪ್ಪು, ಕಾಳು, ಕೊನೆಗೆ ನಿಂಬೆಹಣ್ಣಿನಷ್ಟು ಮುದ್ದೆ, ಚಿಕ್ಕ ಚಿಕ್ಕ ತುತ್ತು.

ಆರು ತಿಂಗಳು ತುಂಬಿ ಬಲೂನು ತೆಗೆಯುವ ದಿನ ಎಂಡೋಸ್ಕೋಪ್ ಇಳಿಸಿದರೆ ಬಲೂನಿನ ಸುತ್ತ ರಾಗಿ ಮೆತ್ತಿಕೊಂಡಿತ್ತು. ಮಂಪರಿನಲ್ಲಿರುವವರ ಜಠರದಲ್ಲಿ ಆಹಾರವಿದ್ದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯ. ಎಂಡೋಸ್ಕೋಪ್ ಹೊರಗೆ ತೆಗೆದು ಕೆಲಸವನ್ನು ಮುಂದೂಡಿದೆ. ಎಚ್ಚರವಾದ ಮೇಲೆ ಕೇಳಿದರೆ, "ನೀವೇ ದ್ರವ ಆಹಾರ ಎಂದಿದ್ದಿರಲ್ಲ, ಎರಡು ದಿನವೂ ಅಂಬಲಿಯನ್ನೇ ಕುಡಿದೆ" ಎಂದರು. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಅಂದಿನಿಂದ ನಾನು ಹೆಸರು ಹಿಡಿದೇ ಹೇಳುತ್ತೇನೆ: ಮೂರು ದಿನ ಎಳನೀರು, ತಿಳಿ ಮಜ್ಜಿಗೆ, ಬೇಳೆಯ ಕಟ್ಟು; ಅಂಬಲಿ ಬೇಡ, ಗಂಜಿ ಬೇಡ; ಕೊನೆಯ ಹನ್ನೆರಡು ಗಂಟೆ ಏನೂ ಬೇಡ. ಬಲೂನು ತೆಗೆಯುವಾಗ ಅರಿವಳಿಕೆ ತಜ್ಞರು ಶ್ವಾಸನಾಳಕ್ಕೆ ಕೊಳವೆ ಹಾಕಿಯೇ ಇರಬೇಕು ಎಂಬುದು ನನ್ನ ಹಟ.

ನಾಲ್ಕು ದಿನದ ಬಳಿಕ ಸೂಜಿಯಿಂದ ಬಲೂನು ಚುಚ್ಚಿ, ನೀಲಿ ನೀರನ್ನು ಕೊನೆಯ ಹನಿಯವರೆಗೂ ಹೀರಿ, ಇಕ್ಕಳದಿಂದ ಹಿಡಿದು ನಿಧಾನವಾಗಿ ಹೊರತೆಗೆದೆ. ಆ ದಿನ ತೂಕ 85.

ಜಠರವನ್ನು ಒಳಗಿನಿಂದಲೇ ಹೊಲಿದು ಕಿರಿದಾಗಿಸುವ ವಿಧಾನವೂ ಇದೆ. 2022ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಈ ವಿಧಾನವನ್ನು ಪರೀಕ್ಷಿಸಿದ ಮೆರಿಟ್ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಸರಾಸರಿ 13.6 ಶೇಕಡಾ ತೂಕ ಇಳಿದಿತ್ತು. ತೂಕ ಮತ್ತೆ ಏರಿದರೆ ಅದನ್ನು ಯೋಚಿಸೋಣ ಎಂದು ಅವರಿಗೆ ಹೇಳಿದ್ದೇನೆ. ವರ್ಷದ ಬಳಿಕ ಬಂದಾಗ 87 ಇದ್ದರು. ಮುದ್ದೆ ಎಷ್ಟು ಎಂದು ಕೇಳಿದೆ. ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು ಎಂದು ಬೆರಳುಗಳನ್ನು ದುಂಡಗೆ ಮಾಡಿ ತೋರಿಸಿದರು.