ತನಿ ಮುಗಿಯುವವರೆಗೂ ಕೂತಿರುತ್ತೇನೆ

ಸಂಗೀತ ಕಛೇರಿಯಲ್ಲಿ ತನಿ ಆವರ್ತನ, ಅಂದರೆ ಹಾಡು ನಿಂತು ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಾನೊಬ್ಬಳೇ ಅಲ್ಲ, ಅರ್ಧ ಸಭೆ ಏಳುತ್ತಿತ್ತು. ಗಾಯಕರು ಹಾಡು ನಿಲ್ಲಿಸಿ, ತಾಳ ಹಾಕುತ್ತಾ ಮೃದಂಗದವರ ಕಡೆ ತಿರುಗಿದರೆ ಸಾಕು, ನಮಗೆಲ್ಲ ಕಾಫಿ ನೆನಪಾಗುತ್ತಿತ್ತು. ಮತ್ತೆ ಹಾಡು ಶುರುವಾಗುವ ಹೊತ್ತಿಗೆ ಒಳಗೆ ಬಂದು ಕೂರುತ್ತಿದ್ದೆವು. ಅದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ನಮ್ಮ ಪಕ್ಕದ ಮನೆ ಹುಡುಗ ಮೃದಂಗ ನುಡಿಸುತ್ತಾನೆ. ಮಗುವಾಗಿದ್ದಾಗಿನಿಂದ ನೋಡಿದ್ದೇನೆ. ಬೆಳಿಗ್ಗೆ ನಾನು ಅಡುಗೆ ಮಾಡುವಾಗ ಗೋಡೆಯಾಚೆ ಅವನ ಪಾಠ ಕೇಳಿಸುತ್ತಿರುತ್ತದೆ. ಏಳು ವರ್ಷದ ಹಿಂದೆ ಒಂದು ಸಂಜೆ ಅವನು ಗೇಟಿನ ಹತ್ತಿರ ನಿಂತು, "ಆಂಟಿ, ನಾಳೆ ನನ್ನ ಕಛೇರಿ ಇದೆ, ಬನ್ನಿ" ಅಂದ. ಆಮೇಲೆ ಸ್ವಲ್ಪ ತಡೆದು, "ತನಿ ಬಂದಾಗ ಮಾತ್ರ ಎದ್ದು ಹೋಗಬೇಡಿ" ಅಂದ. ಸಂಕೋಚದಿಂದಲೇ ಹೇಳಿದ್ದ. ನನಗೆ ಅದು ಸರಿಯಾಗಿ ತಾಗಿತು.

ಮರುದಿನ ಹೋದೆ. ಸಣ್ಣ ಸಭಾಂಗಣ, ನೂರು ಕುರ್ಚಿ. ಕೂತವರನ್ನು ಎಣಿಸಿದೆ, ಹದಿನಾಲ್ಕು ಜನ. ಅದರಲ್ಲಿ ಮೈಕಿನವರು ಇಬ್ಬರು, ಹಾಡುವ ಹುಡುಗಿಯ ಅಪ್ಪ ಅಮ್ಮ, ಗುರುಗಳು. ತನಿ ಶುರುವಾದಾಗ ಐದು ಜನ ಎದ್ದರು. ದೊಡ್ಡ ಸಭೆಯಲ್ಲಿ ಐದು ಜನ ಎದ್ದರೆ ಗೊತ್ತೇ ಆಗುವುದಿಲ್ಲ. ಹದಿನಾಲ್ಕರಲ್ಲಿ ಐದು ಜನ ಎದ್ದರೆ ವೇದಿಕೆಯಿಂದ ಅದೊಂದೇ ಕಾಣುತ್ತದೆ. ಅವನು ಕಣ್ಣು ಮುಚ್ಚಿಕೊಂಡು ನುಡಿಸಿದ.

ಆವತ್ತಿನಿಂದ ನಾನು ಎದ್ದಿಲ್ಲ. ಆದರೆ ಸುಮ್ನೆ ಕೂತಿದ್ದರೆ ಸಾಲದು ಅಂತ ಬೇಗ ಗೊತ್ತಾಯಿತು. ಏನು ನಡೀತಿದೆ ಅಂತ ತಿಳಿಯದೆ ಹತ್ತು ಹದಿನೈದು ನಿಮಿಷ ಕೂರುವುದು ಕಷ್ಟ. ಹಾಗಾಗಿ ಆ ಹುಡುಗನನ್ನೇ ಕೇಳಿ ಕಲಿತೆ. ಮೊದಲು ಆದಿ ತಾಳ, ಎಂಟು ಎಣಿಕೆ. ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಒಂದು ತಟ್ಟಿ ಬೀಸುವುದು, ಇನ್ನೊಂದು ತಟ್ಟಿ ಬೀಸುವುದು. ಆಮೇಲೆ ಏಳರ ಮಿಶ್ರ ಛಾಪು, ಮೂರು ಮತ್ತು ನಾಲ್ಕು. ಪಾತ್ರೆ ತೊಳೆಯುವಾಗಲೂ ಬಸ್ಸಿನಲ್ಲೂ ತೊಡೆಯ ಮೇಲೆ ಹಾಕಿಕೊಂಡೆ. ಮೃದಂಗದ ಜೊತೆಗೆ ಘಟವೋ ಖಂಜಿರವೋ, ಇನ್ನೊಂದು ತಾಳವಾದ್ಯ ಇದ್ದರೆ ಇಬ್ಬರೂ ಸರದಿಯಂತೆ ನುಡಿಸುತ್ತಾರೆ. ಬರಬರುತ್ತಾ ಆ ಸರದಿ ಚಿಕ್ಕದಾಗುತ್ತಾ ಹೋಗುತ್ತದೆ, ಕೊನೆಗೆ ಇಬ್ಬರೂ ಕೂಡಿಕೊಳ್ಳುತ್ತಾರೆ. ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡು ಎತ್ತುವ ಜಾಗಕ್ಕೇ ಸರಿಯಾಗಿ ಬಂದು ನಿಲ್ಲುತ್ತಾರೆ. ಮೂರನೇ ಸಲ ಎಲ್ಲಿ ಬಂದು ಬೀಳುತ್ತದೆ ಅಂತ ನನಗೇ ಮೊದಲೇ ಗೊತ್ತಾದ ದಿನ ಮೈ ಜುಮ್ಮೆಂದಿತು. ಇಷ್ಟು ವರ್ಷ ಕಾಫಿ ಕುಡಿಯುತ್ತಾ ನಿಂತು ಇದನ್ನು ಕಳೆದುಕೊಂಡೆನಲ್ಲಾ ಅನ್ನಿಸಿತು.

ಸಣ್ಣ ಸಭೆಯಲ್ಲಿ ತೊಡೆ ಮೇಲೆ ತಾಳ ಹಾಕುವ ಒಂದು ಕೈ ವೇದಿಕೆಗೆ ಕಾಣುತ್ತದೆ. ಕಲಾವಿದರು ಅದನ್ನು ಹುಡುಕುತ್ತಾರೆ. ಅದಕ್ಕೇ ನಾನು ಎರಡನೇ ಸಾಲಿನಲ್ಲಿ ನಡುವೆ ಕೂರುತ್ತೇನೆ. ಕೊನೆಯ ಸಾಲಲ್ಲಿ ಬಾಗಿಲ ಹತ್ತಿರ ಕೂರುವ ಅಭ್ಯಾಸ ಬಿಟ್ಟೆ.

ನಮ್ಮ ಮೈಸೂರಿಗೆ ಸಂಗೀತ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಇದ್ದ ಊರು ಇದು. ಆಗ ವಿದ್ವಾಂಸರನ್ನು ಸಾಕಲು ಅರಮನೆ ಇತ್ತು. ಈಗ ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಪೆಂಡಾಲಿಗೆ ದೊಡ್ಡ ವಿದ್ವಾಂಸರು ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ನಾನೂ ಹೋಗುತ್ತೇನೆ, ಸಂತೋಷವಾಗುತ್ತದೆ. ಆದರೆ ಅಲ್ಲಿ ನಾನೊಬ್ಬಳು ಹೋಗದಿದ್ದರೆ ಏನೂ ಆಗುವುದಿಲ್ಲ. ಬುಧವಾರ ಸಂಜೆ ಇಪ್ಪತ್ತೆರಡು ವರ್ಷದ ಹುಡುಗಿ ಹಾಡುವ ಕಡೆ ನಾನು ಹೋಗದಿದ್ದರೆ ಹದಿನಾಲ್ಕು ಹದಿಮೂರಾಗುತ್ತದೆ. ಎರಡೂ ಒಂದೇ ದಿನ ಬಂದರೆ ನಾನು ಸಣ್ಣದಕ್ಕೇ ಹೋಗುತ್ತೇನೆ.

ಎಲ್ಲಿ ಏನಿದೆ ಅಂತ ಗೊತ್ತಾಗುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಪತ್ರಿಕೆಯ 'ನಗರದಲ್ಲಿ ಇಂದು' ಅಂಕಣವನ್ನು ಕಾಫಿ ಜೊತೆಗೇ ಓದಿಬಿಡುತ್ತೇನೆ. ಕುವೆಂಪುನಗರದಲ್ಲಿ ಗಾನಭಾರತಿಯವರ ವೀಣೆ ಶೇಷಣ್ಣ ಭವನದಲ್ಲಿ ಏನಿದೆ ಅಂತ ಆಗಾಗ ವಿಚಾರಿಸುತ್ತೇನೆ. ನಾಟಕಕ್ಕೆ ರಂಗಾಯಣ ಇದೆ. ಹವ್ಯಾಸಿ ತಂಡದವರು ವಾಟ್ಸಾಪಿನಲ್ಲಿ ಪೋಸ್ಟರ್ ಕಳಿಸುತ್ತಾರೆ. ಬಂದ ಪೋಸ್ಟರನ್ನು ಸುಮ್ನೆ ಫಾರ್ವರ್ಡ್ ಮಾಡುವುದಿಲ್ಲ. ಬರಬಹುದು ಅನ್ನಿಸಿದ ಇಬ್ಬರಿಗೆ ಫೋನ್ ಮಾಡಿ, "ಆರಕ್ಕೆ ರೆಡಿ ಇರಿ, ನಾನು ಆಟೋದಲ್ಲಿ ಬಂದು ಕರ್ಕೊಂಡು ಹೋಗ್ತೀನಿ" ಅನ್ನುತ್ತೇನೆ. ಇನ್ನೂರು ಜನರಿಗೆ ಪೋಸ್ಟರ್ ಕಳಿಸಿದಾಗ ಒಬ್ಬರೂ ಬಂದಿಲ್ಲ. ಹೀಗೆ ಕರೆದವರು ಮಾತ್ರ ಬಂದಿದ್ದಾರೆ.

ನಾಟಕದವರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಪರಿಚಯದವರು ನಾಟಕ ಮಾಡಿದರೆ ನಾವು ಮೊದಲು ಕೇಳುವುದೇ "ಪಾಸ್ ಇದ್ಯಾ?" ಅಂತ. ರಂಗಮಂದಿರದ ಬಾಡಿಗೆ, ಬೆಳಕು, ಪ್ರಸಾಧನ, ವ್ಯಾನು, ಎಲ್ಲಕ್ಕೂ ಅವರು ತಮ್ಮ ಸಂಬಳದಿಂದ ಹಾಕಿರುತ್ತಾರೆ. ಅವರ ಪರಿಚಯದವರಿಗೆಲ್ಲ ಪಾಸ್ ಕೊಟ್ಟರೆ ಟಿಕೆಟ್ ಕೊಳ್ಳುವವರು ಯಾರು? ಸ್ನೇಹಿತರಾದ್ದರಿಂದಲೇ ನಾವು ಕೌಂಟರಿನಲ್ಲಿ ದುಡ್ಡು ಕೊಟ್ಟು ಹೋಗಬೇಕು, ಅಲ್ವಾ? ಚಿತ್ರದವರದ್ದೂ ಇದೇ ಕಥೆ. ಬೆಂಗಳೂರಿನ ಚಿತ್ರಸಂತೆಗೆ ಜನವರಿಯಲ್ಲಿ ಒಂದೆರಡು ಸಲ ಹೋಗಿದ್ದೇನೆ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ಬಿಸಿಲಲ್ಲಿ ಕೂತವರ ಹತ್ತಿರ ಜನ ತರಕಾರಿಯ ಹಾಗೆ ಚೌಕಾಸಿ ಮಾಡುತ್ತಾರೆ. ನನಗೆ ಆಗುವಷ್ಟರ ಸಣ್ಣ ಜಲವರ್ಣ ಚಿತ್ರವೊಂದನ್ನು ಹೇಳಿದ ಬೆಲೆಗೇ ತಂದೆ. ಅದೀಗ ಊಟದ ಮೇಜಿನ ಎದುರಿಗಿದೆ.

ಮೂರು ವರ್ಷದ ಹಿಂದೆ ಮನೆಯಲ್ಲೇ ಕಛೇರಿ ಇಡಲು ಶುರು ಮಾಡಿದೆವು. ನಮ್ಮ ಹಾಲ್ ದೊಡ್ಡದೇನಲ್ಲ. ಸೋಫಾ, ಟೀಪಾಯಿ ರೂಮಿಗೆ ಹಾಕಿ ಜಮಖಾನ ಹಾಸಿದರೆ ಮೂವತ್ತು ಜನ ಕೂರಬಹುದು. ಮಂಡಿನೋವು ಇರುವವರಿಗೆ ಗೋಡೆ ಬದಿ ಆರು ಕುರ್ಚಿ. ಮೈಕ್ ಬೇಡ. ಫ್ಯಾನ್ ಸದ್ದು ಮಾಡುತ್ತದೆ, ಅದನ್ನು ಆರಿಸಿ ಕಿಟಕಿ ತೆಗೆಯುತ್ತೇವೆ. ಕುಕ್ಕರ್ ಆರು ಗಂಟೆಯೊಳಗೆ ಕೂಗಿ ಮುಗಿದಿರಬೇಕು.

ಮೊದಲನೇ ಸಲ ನಾನು ಒಂದು ತಪ್ಪು ಮಾಡಿದೆ. ಹಾಡುವವರು, ಪಿಟೀಲಿನವರು, ಮೃದಂಗದವರು, ಮೂವರಿಗೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದೆ. ಚೆನ್ನಾಗಿ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಪಕ್ಕದ ಮನೆಗೆ ಹೋದಾಗ ಹುಡುಗನ ಅಮ್ಮ ಬೀರು ತೆಗೆದು ತೋರಿಸಿದರು. ಒಂದು ಅರೆ ತುಂಬಾ ಶಾಲು. "ಎಲ್ಲರೂ ಪ್ರೀತಿಯಿಂದಲೇ ಕೊಡ್ತಾರೆ" ಅಂದರು. ಅವರು ಬೇರೇನೂ ಹೇಳಲಿಲ್ಲ. ಮೃದಂಗದ ಚರ್ಮ ಹೋದರೆ ಹೊಸದಾಗಿ ಕಟ್ಟಿಸಬೇಕು. ಹೆಂಗಸರ ಶ್ರುತಿಗೆ ಒಂದು, ಗಂಡಸರ ಶ್ರುತಿಗೆ ಇನ್ನೊಂದು ಮೃದಂಗ ಬೇಕು. ಎರಡನ್ನೂ ಹೊತ್ತುಕೊಂಡು ಓಡಾಡಲು ಆಟೋ ಬೇಕು. ಶಾಲಿನಿಂದ ಇದು ಯಾವುದೂ ಆಗುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಬರುವವರಿಗೆ ಮೊದಲೇ ಹೇಳುತ್ತೇವೆ, ತಲೆಗೆ ಇನ್ನೂರು ರೂಪಾಯಿ. ಮೂವತ್ತು ಜನ ಬಂದರೆ ಆರು ಸಾವಿರ. ಹಾಡುವವರಿಗೆ ಮೂರು ಸಾವಿರ, ಪಿಟೀಲಿಗೆ ಎರಡು, ಮೃದಂಗಕ್ಕೆ ಎರಡು. ಕಡಿಮೆ ಬಿದ್ದದ್ದನ್ನು ನಾವು ಹಾಕುತ್ತೇವೆ. ಇದು ಜಾಸ್ತಿಯಲ್ಲ, ನನಗೆ ಗೊತ್ತು. ಆದರೆ ಎಷ್ಟು ಅಂತ ಕರೆಯುವಾಗಲೇ ಹೇಳುತ್ತೇನೆ. ಕವರನ್ನು ಶ್ರುತಿ ಸೇರಿಸುವ ಮುಂಚೆಯೇ ಕೈಗೆ ಕೊಡುತ್ತೇನೆ. ಕಛೇರಿ ಮುಗಿದ ಮೇಲೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಾ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಭಾಷಣ ಇಲ್ಲ, ಅತಿಥಿಗಳಿಲ್ಲ. ಹಾಡುಗಾರಿಕೆ ಒಂದೂಮುಕ್ಕಾಲು ಗಂಟೆ, ಆಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ತಿಂಡಿಯ ಹೊತ್ತಿನಲ್ಲಿ ಕೇಳುಗರು ಕಲಾವಿದರ ಪಕ್ಕ ಕೂತು ಮಾತಾಡುತ್ತಾರೆ. ಹಾಗೆ ಮಾತಾಡಿದವರಲ್ಲಿ ಒಬ್ಬರು ತಮ್ಮ ಮೊಮ್ಮಗಳನ್ನು ಪಿಟೀಲು ಪಾಠಕ್ಕೆ ಸೇರಿಸಿದರು. ಇನ್ನೊಬ್ಬರು ಮಗನ ಮದುವೆಯ ಹಿಂದಿನ ದಿನ ಕಛೇರಿಗೆ ಇವರನ್ನೇ ಕರೆದರು.

ಫೋಟೋ ಹಾಕುವಾಗಲೂ ಒಂದು ಎಚ್ಚರ ಇಟ್ಟುಕೊಂಡಿದ್ದೇನೆ. ನಾವು ಸಾಮಾನ್ಯವಾಗಿ ಹಾಡುವವರ ಮುಖ ತುಂಬುವಂತೆ ತೆಗೆಯುತ್ತೇವೆ, ಮೃದಂಗದವರ ಅರ್ಧ ಭುಜ ಮಾತ್ರ ಉಳಿದಿರುತ್ತದೆ. ಮೂವರೂ ಕಾಣುವ ಫೋಟೋ ಹಾಕಿ, ಮೂವರ ಹೆಸರನ್ನೂ ಅವರು ಬರೆಯುವ ಹಾಗೆಯೇ ಕೇಳಿ ಬರೆಯುತ್ತೇನೆ. ವಿಡಿಯೋ ಆದರೆ ಒಪ್ಪಿಗೆ ಕೇಳಿ ಒಂದು ನಿಮಿಷದ್ದು, ಅಷ್ಟೇ.

ಹೋದ ತಿಂಗಳು ಪಕ್ಕದ ಮನೆ ಹುಡುಗನೇ ನುಡಿಸಿದ. ಐದೂವರೆಗೇ ಬಂದು ಗೋಡೆ ಪಕ್ಕ ಕೂತ. ಒಂದು ಸಣ್ಣ ಡಬ್ಬಿಯಲ್ಲಿ ರವೆ ತಂದಿದ್ದ. ನಮ್ಮ ಅತ್ತೆ ನೀರು ಕೊಟ್ಟರು. ರವೆಯನ್ನು ಕಲಸಿ ಮುದ್ದೆ ಮಾಡಿ ಎಡಗಡೆಯ ಮುಚ್ಚಿಗೆಯ ನಡುವೆ ಮೆತ್ತಿದ. ಸ್ವಲ್ಪ ತಟ್ಟಿ ನೋಡಿದ, ಇನ್ನೊಂದು ಚಿಟಿಕೆ ಸೇರಿಸಿದ. ಬಲಗಡೆಯ ಅಂಚಿಗೆ ಕಲ್ಲಿನಿಂದ ಮೆಲ್ಲಗೆ ಕುಟ್ಟುತ್ತಾ, ಕಿವಿ ಹತ್ತಿರ ತಂದು ಕೇಳುತ್ತಾ ಶ್ರುತಿಗೆ ಕೂಡಿಸಿದ. ಬೇಗ ಬಂದಿದ್ದ ಮೂರು ಮಕ್ಕಳು ಅವನ ಸುತ್ತ ಕೂತು ಕಣ್ಣು ಮಿಟುಕಿಸದೆ ನೋಡಿದವು.

ಆವತ್ತು ತನಿ ಹದಿನಾಲ್ಕು ನಿಮಿಷ ನಡೆಯಿತು. ಇಪ್ಪತ್ತೆಂಟು ಜನ ಇದ್ದರು, ಯಾರೂ ಏಳಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕಣ್ಣು ತೆರೆದುಕೊಂಡೇ ನುಡಿಸುತ್ತಿದ್ದ.

ಎಲ್ಲರೂ ಹೋದ ಮೇಲೆ ಒಣಗಿದ ರವೆಯನ್ನು ಪೇಪರಿನ ಮೇಲೆ ಕೆರೆದು, ಮೃದಂಗಕ್ಕೆ ಗವಸು ಹಾಕಿದ. "ಆಂಟಿ, ಘಟ ನುಡಿಸುವ ಫ್ರೆಂಡ್ ಒಬ್ಬ ಇದ್ದಾನೆ. ಮುಂದಿನ ಸಲ ಕರ್ಕೊಂಡು ಬರ್ಲಾ?" ಅಂತ ಕೇಳಿದ. ನಾನು ಕ್ಯಾಲೆಂಡರ್ ತರಲು ಒಳಗೆ ಹೋದೆ.